ಅತ್ತೆ ಫೋನಲ್ಲಿ 241, ನನ್ನ ಫೋನಲ್ಲಿ 287: ದಾರಿ ಒಂದೇ, ಕಾರೂ ಒಂದೇ

ಲೆಕ್ಕದ ಪುಸ್ತಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅತ್ತೆಗೆ ಎರಡು ವರ್ಷದಿಂದ ಡಯಾಲಿಸಿಸ್ ನಡೆಯುತ್ತಿದೆ. ಸೋಮವಾರ, ಬುಧವಾರ, ಶುಕ್ರವಾರ. ಬೆಳಗ್ಗೆ ಆರೂವರೆಗೆ ಬೆಡ್ ಸಿಗುತ್ತದೆ, ನಾಲ್ಕು ಗಂಟೆ ಮಷೀನು, ಎಲ್ಲ ಮುಗಿಸಿ ಗೇಟಿಗೆ ಬರುವಾಗ ಹನ್ನೊಂದು. ಮನೆ ಹಂಪಿನಗರ, ಆಸ್ಪತ್ರೆ ಜಯನಗರದ ಕಡೆ. ಹೆಚ್ಚು ಕಡಿಮೆ 9 ಕಿಲೋಮೀಟರ್. ಹೋಗುವಾಗ ಆಟೊದಲ್ಲಿ ಹೋಗುತ್ತೇವೆ. ಬರುವಾಗ ಆಟೊ ಆಗುವುದಿಲ್ಲ. ಅವರಿಗೆ ಬಿಪಿ ಇಳಿದಿರುತ್ತದೆ, ನಾಲ್ಕು ಹಂಪ್ ಹಾರಿದರೆ ವಾಂತಿ ಬರುತ್ತದೆ. ಹಾಗಾಗಿ ಬರುವಾಗ ಕಾರೇ ಬೇಕು. ಎರಡು ವರ್ಷದಿಂದ ಒಂದೇ ಆ್ಯಪ್, ಒಂದೇ ಗೇಟು, ಒಂದೇ ಹೊತ್ತು. ಬುಕ್ ಮಾಡುವುದು ನನ್ನ ಫೋನಿನಲ್ಲಿ. ದುಡ್ಡೂ ನನ್ನ ಖಾತೆಯಿಂದಲೇ ಹೋಗುತ್ತದೆ.

ಹೋದ ತಿಂಗಳು ಒಂದು ದಿನ ಆಫೀಸಿನಿಂದ ಫೋನ್ ಬಂದು ಮಾತಾಡುತ್ತಾ ನಿಂತಿದ್ದೆ. ಅತ್ತೆ ಸುಮ್ನೆ ಕೂರುವವರಲ್ಲ. ತಮ್ಮ ಫೋನು ತೆಗೆದು, ಮೊಮ್ಮಗ ಯಾವಾಗಲೋ ಹಾಕಿಕೊಟ್ಟಿದ್ದ ಅದೇ ಆ್ಯಪ್ ಒತ್ತಿ, "241 ಅಂತೆ ಕಣೇ, ಬುಕ್ ಮಾಡಲಾ?" ಅಂದರು. ಅಷ್ಟರಲ್ಲಿ ನನ್ನ ಮಾತೂ ಮುಗಿದಿತ್ತು. ನನ್ನ ಫೋನಲ್ಲಿ ನೋಡಿದರೆ 287! ಇಬ್ಬರೂ ಒಂದೇ ಕಲ್ಲುಬೆಂಚಿನ ಮೇಲೆ ಕೂತಿದ್ದೇವೆ. ಅವರದು ಮೂಲೆ ಒಡೆದ ಹಳೇ ಆಂಡ್ರಾಯ್ಡ್. ನನ್ನದು ಇನ್ನೂ ಕಂತು ಮುಗಿಯದ ಐಫೋನ್.

ನಾನು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. ಎರಡು ಕಡೆಯ ಮೊತ್ತ ತಾಳೆ ಆಗದಿದ್ದರೆ ಆ ರಾತ್ರಿ ನಿದ್ದೆ ಬರುವುದಿಲ್ಲ. ಮಗನ ಹಳೇ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಮೂರು ವಾರ ಬರೆದೆ. ಮೊದಲನೆಯದು ನನ್ನ ಫೋನು, ಎರಡನೆಯದು ಅತ್ತೆಯದು:

287, 241
279, 238
304, 252
263, 263
291, 249
284, 290
298, 251
276, 239
302, 254

ಒಂಬತ್ತು ದಿನದಲ್ಲಿ ಏಳು ದಿನ ನನಗೇ ಜಾಸ್ತಿ. ಒಂದು ದಿನ ಸಮ. ಒಂದೇ ಒಂದು ದಿನ ನನಗೆ ಆರು ರೂಪಾಯಿ ಕಮ್ಮಿ. ಒಟ್ಟು ವ್ಯತ್ಯಾಸ 307 ರೂಪಾಯಿ. ಅಂದರೆ ಒಂದು ಇಡೀ ಟ್ರಿಪ್ಪಿನ ದುಡ್ಡು.

ಮಳೆಗೆ, ಟ್ರಾಫಿಕ್ಕಿಗೆ ರೇಟು ಏರುವುದು ಗೊತ್ತು. ಅದು ಎಲ್ಲರಿಗೂ ಏರುತ್ತದೆ, ಅಲ್ವಾ? ಇದು ಹಾಗಲ್ಲ. ನಾನು ಬೇರೆ ದಾರಿಯಿಲ್ಲದೆ ಬುಕ್ ಮಾಡೇ ಮಾಡುತ್ತೇನೆ ಅಂತ ಅದಕ್ಕೆ ಗೊತ್ತಾಗಿದೆಯಾ? ಹಾಗೆ ಗೊತ್ತು ಮಾಡಿಕೊಂಡು ರೇಟು ಹಾಕುವುದು ನಿಜವಾ, ಅಥವಾ ನನ್ನ ಭ್ರಮೆಯಾ? ತಿಳಿದವರು ಹೇಳಿ.

ಸಾದಾ ಮನುಷ್ಯ

ಭ್ರಮೆ ಮೇಡಂ. ಈ ಆ್ಯಪ್‌ಗಳ ರೇಟು ಅರ್ಧ ನಿಮಿಷಕ್ಕೊಮ್ಮೆ ಬದಲಾಗುತ್ತದೆ. ನೀವು ಒಂದು ಫೋನು ನೋಡಿ ಇನ್ನೊಂದು ತೆಗೆಯುವಷ್ಟರಲ್ಲಿ ಪಕ್ಕದ ರಸ್ತೆಯ ಕಾರು ಯಾರಿಗೋ ಬುಕ್ ಆಗಿರುತ್ತದೆ. ಒಂಬತ್ತು ದಿನದ ಲೆಕ್ಕ ಏನೂ ಅಲ್ಲ. ನನ್ನ ಹೆಂಡತಿ ಫೋನಲ್ಲಿ ಯಾವಾಗಲೂ ನನಗಿಂತ ಜಾಸ್ತಿ ತೋರಿಸುತ್ತದೆ, ಅವಳದೇ ಹಳೇ ಫೋನು.

ಅರ್ಧರಾತ್ರಿ ಕೋಡ್

ನಾಲ್ಕು ವರ್ಷ ಒಂದು ಆನ್‌ಲೈನ್ ಅಂಗಡಿಯ ಬೆಲೆ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ಕ್ಯಾಬ್ ಕಂಪನಿ ಅಲ್ಲ, ಆದರೆ ಅಡುಗೆಮನೆ ಎಲ್ಲಾ ಕಡೆ ಹೆಚ್ಚು ಕಡಿಮೆ ಒಂದೇ. ಹೆಸರು ಕೇಳಬೇಡಿ.

ಮೊದಲಿಗೆ, ಸಾದಾ ಅವರು ಹೇಳಿದ್ದರಲ್ಲಿ ಅರ್ಧ ಸರಿ. ರೇಟು ಕ್ಷಣಕ್ಕೊಮ್ಮೆ ಬದಲಾಗುತ್ತದೆ. ಆದರೆ ಸುಮ್ನೆ ಏರಿಳಿತವಾದರೆ ಒಮ್ಮೆ ಇವರಿಗೆ ಜಾಸ್ತಿ, ಒಮ್ಮೆ ಅವರಿಗೆ ಜಾಸ್ತಿ ಆಗಬೇಕಿತ್ತು. ಒಂಬತ್ತರಲ್ಲಿ ಏಳು ಒಂದೇ ಕಡೆ, ಅದೂ ಪ್ರತಿ ಸಲ 37ರಿಂದ 52ರ ಒಳಗೆ. ಇದು ಏರಿಳಿತದ ಥರ ಇಲ್ಲ. ಏನೋ ಒಂದನ್ನು ಕಳೆದ ಥರ ಇದೆ.

ನನ್ನ ಊಹೆ ಇದು. ನಿಮ್ಮ ರೇಟು ಏರಿಸಿಲ್ಲ. ಅತ್ತೆಯವರಿಗೆ ಇಳಿಸಿದ್ದಾರೆ. ನಮ್ಮಲ್ಲೂ ಹಾಗೇ. ಬೆಲೆಗೆ ಕೈ ಹಾಕುತ್ತಿರಲಿಲ್ಲ, ಕೈ ಹಾಕುತ್ತಿದ್ದುದು ಕೂಪನ್ನಿಗೆ. ಪ್ರತಿ ಗಿರಾಕಿಗೂ ಒಂದು ಅಂಕ ಇರುತ್ತಿತ್ತು: ರಿಯಾಯಿತಿ ಕೊಡದಿದ್ದರೂ ಇವರು ಕೊಳ್ಳುತ್ತಾರಾ? ಕೊಳ್ಳುತ್ತಾರೆ ಅನ್ನುವವರಿಗೆ ಕೊಡುವುದಿಲ್ಲ. ಬಿಟ್ಟು ಹೋಗುವ ಹಾಗಿದ್ದವರಿಗೆ, ಹೊಸಬರಿಗೆ, ಕಾರ್ಟಿಗೆ ಹಾಕಿ ಮೂರು ದಿನ ಸುಮ್ಮನಿದ್ದವರಿಗೆ ಕೊಡುತ್ತೇವೆ. ಮೀಟಿಂಗಿನಲ್ಲಿ ಇದನ್ನು "ದುಡ್ಡು ಪೋಲು ಮಾಡದಿರುವುದು" ಅನ್ನುತ್ತಿದ್ದೆವು. ವರ್ಷಗಟ್ಟಲೆ ನಿಷ್ಠೆಯಿಂದ ಕೊಂಡವರ ಪಟ್ಟಿಯ ಮುಂದೆ ಸೊನ್ನೆ ಹಾಕಿದ್ದು ನಾನೇ. ಅದು ಒಂದು ಸಾಲಿನ ಕೋಡು.

ನಿಮ್ಮ ವಿಷಯದಲ್ಲೂ ಯಾರೋ ಕೂತು "ಈ ಹೆಂಗಸು ರೋಗಿಯನ್ನು ಕರೆದುಕೊಂಡು ಹೋಗುತ್ತಾಳೆ, ಬಿಡಬೇಡಿ" ಅಂತ ಬರೆದಿರುವುದಿಲ್ಲ. ಬರೆಯುವ ಅಗತ್ಯವೇ ಇಲ್ಲ. ವಾರಕ್ಕೆ ಮೂರು ಸಲ, ಒಂದೇ ಗೇಟು, ರೇಟು ಎಷ್ಟಿದ್ದರೂ ಹಿಂದೆ ಸರಿಯದೆ ಬುಕ್ ಮಾಡುವವರು. ಅಷ್ಟು ಸಾಕು. ಕಾಯಿಲೆ ಏನು ಅಂತ ಅದಕ್ಕೆ ಬೇಕಾಗೂ ಇಲ್ಲ.

ಚೀನಾದಲ್ಲಿ ಇದಕ್ಕೊಂದು ಬೈಗುಳವೇ ಹುಟ್ಟಿಕೊಂಡಿದೆ. ಡೇಟಾ ಹಿಡಿದು ಪರಿಚಯದವರನ್ನೇ ಕೊಯ್ಯುವುದು ಅಂತ ಅದರ ಅರ್ಥ. ಗಲಾಟೆ ಎಷ್ಟಾಯಿತೆಂದರೆ 2021ರ ನವೆಂಬರ್ 1ರಿಂದ ಜಾರಿಗೆ ಬಂದ ಅಲ್ಲಿನ ವೈಯಕ್ತಿಕ ಮಾಹಿತಿ ಕಾಯ್ದೆಯಲ್ಲೇ, ಡೇಟಾ ನೋಡಿ ಬೆಲೆಯಲ್ಲಿ ಅನ್ಯಾಯದ ತಾರತಮ್ಯ ಮಾಡಬಾರದು ಅಂತ ಸೇರಿಸಿದರು.

ಐಫೋನ್ ಕಾರಣವಾ ಅಂದರೆ, ಇರಬಹುದು, ಇಲ್ಲದಿರಬಹುದು. 2012ರಲ್ಲಿ ಆರ್ಬಿಟ್ಜ್ ಅನ್ನುವ ಅಮೆರಿಕದ ಪ್ರಯಾಣದ ಸೈಟು, ಮ್ಯಾಕ್ ಕಂಪ್ಯೂಟರಿನಿಂದ ಬಂದವರಿಗೆ ದುಬಾರಿ ಹೋಟೆಲುಗಳನ್ನು ಮೇಲೆ ತೋರಿಸುತ್ತಿತ್ತು ಅಂತ ಪತ್ರಿಕೆಯಲ್ಲಿ ಬಂತು. ಅಲ್ಲೂ ಒಂದೇ ಕೋಣೆಗೆ ಎರಡು ಬೆಲೆ ಇರಲಿಲ್ಲ. ಯಾವ ಕೋಣೆ ಕಣ್ಣಿಗೆ ಮೊದಲು ಬೀಳಬೇಕು ಅನ್ನುವುದನ್ನು ಬದಲಾಯಿಸಿದ್ದರು. ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಿ. ಇನ್ನು ಬ್ಯಾಟರಿ ಕಥೆ. 2016ರಲ್ಲಿ ಉಬರ್‌ನ ಅರ್ಥಶಾಸ್ತ್ರ ಸಂಶೋಧನೆಯ ಮುಖ್ಯಸ್ಥ ಕೀತ್ ಚೆನ್, ಚಾರ್ಜು ಮುಗಿಯುತ್ತಿರುವವರು ಏರಿದ ದರಕ್ಕೂ ಬೇಗ ಒಪ್ಪುತ್ತಾರೆ ಅಂತ ಒಂದು ರೇಡಿಯೊ ಸಂದರ್ಶನದಲ್ಲಿ ಹೇಳಿದ್ದರು. ಬೆಲೆ ನಿರ್ಧರಿಸುವುದಕ್ಕೆ ಅದನ್ನು ಬಳಸುವುದಿಲ್ಲ ಅಂತಲೂ ಅವರೇ ಹೇಳಿದ್ದರು. ವಾಟ್ಸ್ಯಾಪಿನಲ್ಲಿ ಓಡಾಡುವುದು ಮೊದಲನೆಯ ವಾಕ್ಯ ಮಾತ್ರ.

ಪರೀಕ್ಷೆ ಮಾಡಬೇಕೆಂದರೆ ಹೀಗೆ ಮಾಡಿ. ಎರಡೂ ಫೋನು ಒಟ್ಟಿಗೆ ಹಿಡಿದು, ಒಬ್ಬೊಬ್ಬರು ಒಂದೊಂದನ್ನು ಒಂದೇ ಕ್ಷಣಕ್ಕೆ ಒತ್ತಿ. ಹತ್ತುವ ಜಾಗದ ಪಿನ್ನನ್ನು ಕೈಯಲ್ಲೇ ಒಂದೇ ಕಡೆ ಇಡಿ, ಅದು ಗೇಟಿನ ಆಚೆ ಬದಿಗೆ ಬಿದ್ದರೆ ಯೂ-ಟರ್ನ್ ಸೇರಿ ರೇಟು ಏರುತ್ತದೆ. ಕಾರಿನ ನಮೂನೆ ಒಂದೇ ಇರಲಿ. ಎಲ್ಲಕ್ಕಿಂತ ಮುಖ್ಯ, ಮೊತ್ತದ ಪಕ್ಕದ ಸಣ್ಣ "ಐ" ಒತ್ತಿ ವಿವರ ತೆಗೆಯಿರಿ. ಮೂಲ ದರ ಬೇರೆ, ರಿಯಾಯಿತಿ ಬೇರೆ ಬರೆದುಕೊಳ್ಳಿ. ಆಮೇಲೆ ಕೆಲವು ವಾರ ಅತ್ತೆಯವರ ಫೋನಿನಲ್ಲೇ ಬುಕ್ ಮಾಡಿ ನೋಡಿ. ನಾನು ಹೇಳಿದ್ದು ಸರಿಯಾದರೆ ಅವರ ರಿಯಾಯಿತಿ ತಾನಾಗಿಯೇ ಒಣಗುತ್ತದೆ.

ಜವಳಿ ಸಾಲು, ಹುಬ್ಬಳ್ಳಿ

ಅಕ್ಕಾರ, ನಮಸ್ಕಾರ್ರಿ. ನಮ್ಮದು ಅಪ್ಪನ ಕಾಲದಿಂದ ಸೀರೆ ಅಂಗಡಿ. ಆ್ಯಪಿನವರನ್ನು ಬೈಯುವ ಮೊದಲು ನಮ್ಮ ಮನೆಯದನ್ನು ಹೇಳುತ್ತೇನೆ.

ಗಿರಾಕಿ ನೋಡಿ ದರ ಹೇಳುವುದನ್ನು ಕಂಪ್ಯೂಟರ್ ಕಂಡುಹಿಡಿದಿಲ್ಲ ನೋಡ್ರಿ. ಅಪ್ಪ ಗಾದಿ ಮೇಲೆ ಕೂತಿರುತ್ತಿದ್ದರು. ಬಂದವರು ಮೆಟ್ಟಿಲ ಹತ್ತಿರ ಚಪ್ಪಲಿ ಬಿಡುತ್ತಿದ್ದರು. ಅಪ್ಪ ಮೊದಲು ನೋಡುತ್ತಿದ್ದುದು ಆ ಚಪ್ಪಲಿ. ಆಮೇಲೆ ಜೊತೆಗೆ ಯಾರು ಬಂದಿದ್ದಾರೆ. ಬೀಗತಿ ಜೊತೆಗಿದ್ದರೆ ಯಾರೂ ಚೌಕಾಸಿ ಮಾಡುವುದಿಲ್ಲ, ಮರ್ಯಾದೆ ಪ್ರಶ್ನೆ. ಲಗ್ನ ಎಂಟು ದಿನಕ್ಕಿದೆ ಅಂತ ಬಾಯಿ ಬಿಟ್ಟರೆ ಮುಗಿಯಿತು. ಪ್ರತಿ ಸೀರೆಯ ಚೀಟಿಯ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಮೂರ್ನಾಲ್ಕು ಅಕ್ಷರ ಇರುತ್ತಿದ್ದವು. ಅದು ನಾವು ಕೊಂಡ ಬೆಲೆ. ಹತ್ತು ಅಕ್ಷರದ ಒಂದು ದೇವರ ಸಾಲು, ಒಂದಕ್ಷರವೂ ಎರಡು ಸಲ ಬರಬಾರದು. ಮೊದಲಕ್ಷರ ಒಂದು, ಎರಡನೆಯದು ಎರಡು, ಕೊನೆಯದು ಸೊನ್ನೆ. ಗುಮಾಸ್ತ ಸೀರೆ ಬಿಚ್ಚುತ್ತಲೇ ಅದನ್ನು ಓದಿ, ಇಷ್ಟರ ಕೆಳಗೆ ಇಳಿಯಬಾರದು ಅಂತ ತಿಳಿದುಕೊಳ್ಳುತ್ತಿದ್ದ. ಆ ಸಾಲು ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಅಪ್ಪ ಇನ್ನೂ ಇದ್ದಾರೆ, ಇದನ್ನು ಓದುತ್ತಾರೆ.

ಹಾಗಾದರೆ ಅವರಿಗೂ ನಮಗೂ ಏನು ಫರಕು? ನಾನೂ ಬಹಳ ದಿನ ಯೋಚಿಸಿದ್ದೇನೆ.

ಒಂದು ಸಲ ಒಂದೇ ಲಗ್ನದ ಮನೆಯವರು ಎರಡು ತಂಡವಾಗಿ ಬಂದರು. ಮುಂಜಾನೆ ಬಂದ ಹಿರಿಯ ನೆಗೆಣ್ಣಿಗೆ ಒಂದು ಇಳಕಲ್ ಸೀರೆ 1,850ಕ್ಕೆ ಕೊಟ್ಟೆವು. ಸಂಜೆ ಬಂದ ಕಿರಿಯ ನೆಗೆಣ್ಣಿ ಎರಡು ಸಲ ಎದ್ದು ಮೆಟ್ಟಿಲ ತನಕ ಹೋಗಿ ಬಂದಳು. ಅವಳಿಗೆ ಅದೇ ನೇಯ್ಗೆ, ಅದೇ ಸೆರಗು, 1,600. ರಾತ್ರಿ ಮನೆಯಲ್ಲಿ ಎರಡೂ ಸೀರೆ ಪಕ್ಕಪಕ್ಕ ಹರವಿದ್ದಾರೆ. ಮರುದಿನ ನಾವು ಬೋಣಿ ಮಾಡುವುದಕ್ಕೆ ಮೊದಲೇ ಇಬ್ಬರೂ ಅಂಗಡಿ ಮುಂದೆ ನಿಂತಿದ್ದರು. ಬೈಯಲಿಲ್ಲ. ಎರಡೂ ಸೀರೆ ಗಾದಿ ಮೇಲೆ ಇಟ್ಟು, "ಇದರಲ್ಲಿ ಯಾವುದು ಹೆಚ್ಚಿನದು ಹೇಳ್ರಿ" ಅಂತ ಅಪ್ಪನನ್ನು ಕೇಳಿದರು. ಆಗ ನನಗೆ ಹದಿನಾರು ವರ್ಷ. ಅಪ್ಪನ ಮುಖ ಹಾಗಾಗಿದ್ದನ್ನು ಅದರ ಹಿಂದೆ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ. 250 ರೂಪಾಯಿ ವಾಪಸ್ ಕೊಟ್ಟು, ಮೇಲೆ ಇಬ್ಬರಿಗೂ ಒಂದೊಂದು ಗುಳೇದಗುಡ್ಡದ ಖಣ ಕೊಟ್ಟರು. ಮುಂದಿನ ದೀಪಾವಳಿಗೆ "ಒಂದೇ ದರ" ಬೋರ್ಡು ಹಾಕಿಸಿದರು.

ನಿಮ್ಮ ಆ್ಯಪಿನಲ್ಲಿ ಆ ರಾತ್ರಿಯೇ ಇಲ್ಲ. ಪಕ್ಕದವಳಿಗೆ ಎಷ್ಟು ತೋರಿಸಿದೆ ಅಂತ ನಿಮಗೆ ಗೊತ್ತಾಗುವುದಿಲ್ಲ. ನೀವು ಅತ್ತೆ ಸೊಸೆ ಒಂದೇ ಬೆಂಚಿನ ಮೇಲೆ ಕೂತಿದ್ದಕ್ಕೆ ಗೊತ್ತಾಯಿತು. ಎದ್ದು ಮೆಟ್ಟಿಲ ತನಕ ಹೋಗುವುದಕ್ಕೂ ಆಗುವುದಿಲ್ಲ, ಅಲ್ಲಿ ಮೆಟ್ಟಿಲೇ ಇಲ್ಲ.

ಇನ್ನೊಂದು. ಅಪ್ಪ ಎಷ್ಟೇ ಚಪ್ಪಲಿ ನೋಡಿದರೂ, ಖಾಯಂ ಗಿರಾಕಿಗೆ ಜಾಸ್ತಿ ಹೇಳುವ ಧೈರ್ಯ ಮಾಡಲಿಲ್ಲ. ಅವರಿಗೆ ಉದ್ರಿ, ಅವರಿಗೆ ಚಹಾ, ಅವರ ಮಗಳ ಲಗ್ನಕ್ಕೆ ಹೊಸ ಗಂಟು ಮೊದಲು ಅವರ ಮುಂದೆಯೇ ಬಿಚ್ಚಬೇಕು. ಅಪರಿಚಿತರಿಗೆ ಜಾಸ್ತಿ, ಪರಿಚಯದವರಿಗೆ ಕಮ್ಮಿ. ಕೋಡ್ ಸಾಹೇಬರು ಹೇಳಿದ್ದು ಓದಿದರೆ ನಿಮ್ಮಲ್ಲಿ ತಕ್ಕಡಿ ತಿರುಗಾಮುರುಗಾ ಆಗಿದೆ.

ಅರ್ಧರಾತ್ರಿ ಕೋಡ್

ಜವಳಿ ಸಾಲು ಅವರೇ, ನಮ್ಮಲ್ಲೂ ಒಂದು "ಆ ರಾತ್ರಿ" ಆಗಿದೆ. 2000ನೇ ಇಸವಿಯಲ್ಲಿ ಅಮೆಜಾನ್‌ನಲ್ಲಿ ಒಬ್ಬ ಗಿರಾಕಿ ತನ್ನ ಕಂಪ್ಯೂಟರಿನ ಕುಕಿ (ಸೈಟು ನಮ್ಮನ್ನು ಗುರುತು ಹಿಡಿಯಲು ಇಟ್ಟುಹೋಗುವ ಸಣ್ಣ ಕಡತ) ಅಳಿಸಿ ನೋಡಿದರೆ ಅದೇ ಡಿವಿಡಿ 26.24 ಡಾಲರಿನಿಂದ 22.74ಕ್ಕೆ ಇಳಿದಿತ್ತು. ಗಿರಾಕಿಗಳು ಒಂದು ಚರ್ಚಾ ತಾಣದಲ್ಲಿ, ಈಗ ನಾವು ಮಾಡುತ್ತಿರುವ ಹಾಗೇ, ತಂತಮ್ಮ ಬೆಲೆ ಹೋಲಿಸಿ ನೋಡಿದರು. ಕಂಪನಿ, ಇದು ಯಾರ ವಿವರವನ್ನೂ ನೋಡಿ ಮಾಡಿದ್ದಲ್ಲ, ಲಾಟರಿ ಥರದ ಪರೀಕ್ಷೆ ಅಂತ ಹೇಳಿ 6,896 ಜನರಿಗೆ ದುಡ್ಡು ವಾಪಸ್ ಕೊಟ್ಟಿತು. ಸರಾಸರಿ 3 ಡಾಲರ್ 10 ಸೆಂಟು. ಖಣ ಕೊಟ್ಟ ಸುದ್ದಿ ಇಲ್ಲ.

ಸಾದಾ ಮನುಷ್ಯ

ಇನ್‌ಕಾಗ್ನಿಟೊದಲ್ಲಿ, ಅದೇ ಬ್ರೌಸರಿನ ಗುಟ್ಟಿನ ಕಿಟಕಿಯಲ್ಲಿ, ನೋಡಿದರೆ ಎಲ್ಲ ಸರಿಹೋಗುತ್ತಂತಲ್ಲ? ವಿಮಾನದ ಟಿಕೆಟ್ಟಿಗೆ ನಮ್ಮ ಭಾವ ಹಾಗೇ ಮಾಡುವುದು.

ಅರ್ಧರಾತ್ರಿ ಕೋಡ್

ಫೋನಿನ ಆ್ಯಪಿಗೆ ಲಾಗಿನ್ ಆಗಿ ಕೂತ ಮೇಲೆ ಇನ್‌ಕಾಗ್ನಿಟೊ ಎಲ್ಲಿಂದ ಬರಬೇಕು ಸ್ವಾಮಿ. ಭಾವನಿಗೆ ಸಮಾಧಾನ ಸಿಗುತ್ತಿದ್ದರೆ ಬಿಡಿ.

ನಿವೃತ್ತ ತಕ್ಕಡಿ

ನೋಡಮ್ಮ, ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಸಂತೆಗೆ ಹೋಗಿ ಬಟ್ಟು ಎತ್ತಿ ಮುದ್ರೆ ನೋಡುವುದು, ಎಂಆರ್‌ಪಿ ಮೇಲೆ ಇನ್ನೊಂದು ಚೀಟಿ ಅಂಟಿಸಿದವರನ್ನು ಹಿಡಿಯುವುದು ನನ್ನ ಕೆಲಸವಾಗಿತ್ತು. ಕಾನೂನಿನ ಕಡೆಯಿಂದ ನಾಲ್ಕು ಮಾತು ಹೇಳುತ್ತೇನೆ.

ಎಂಆರ್‌ಪಿ ಅಂದರೆ ಮೇಲಿನ ಮಿತಿ. ಅದಕ್ಕಿಂತ ಜಾಸ್ತಿ ತೆಗೆದುಕೊಂಡರೆ ತಪ್ಪು. ಅದರ ಕೆಳಗೆ ಒಬ್ಬರಿಗೆ ಹತ್ತು ರೂಪಾಯಿ, ಇನ್ನೊಬ್ಬರಿಗೆ ಮೂವತ್ತು ರೂಪಾಯಿ ಬಿಟ್ಟರೆ ಆ ಕಾನೂನು ಏನೂ ಕೇಳುವುದಿಲ್ಲ. ಅದೂ ಪೊಟ್ಟಣ ಕಟ್ಟಿದ ಸರಕಿಗೆ. ಕಾರಿನ ಸವಾರಿಗೆ ಎಂಆರ್‌ಪಿ ಎಲ್ಲಿದೆ?

ಆದರೆ ನಮ್ಮ ರಾಜ್ಯದಲ್ಲಿ ಕ್ಯಾಬಿಗೆ ಸರ್ಕಾರಿ ದರ ಇದೆ, ಜನಕ್ಕೆ ಗೊತ್ತಿಲ್ಲ. 2024ರ ಫೆಬ್ರವರಿ ಆದೇಶದ ಪ್ರಕಾರ 10 ಲಕ್ಷದ ಒಳಗಿನ ಕಾರಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಕಿಲೋಮೀಟರಿಗೆ 24. ನಿನ್ನ 9 ಕಿಲೋಮೀಟರಿಗೆ 220. ಶೇ 5 ಜಿಎಸ್‌ಟಿ ಸೇರಿಸಿದರೆ 231. ಕೇಂದ್ರದ 2025ರ ಜುಲೈ ಮಾರ್ಗಸೂಚಿ ಬೇಡಿಕೆ ಹೆಚ್ಚಿದಾಗ ಮೂಲ ದರದ ಎರಡು ಪಟ್ಟಿನ ತನಕ ಹೋಗಬಹುದು ಅನ್ನುತ್ತದೆ, ಅದು ಬೇರೆ ಮಾತು. ನಿನ್ನ ಪುಸ್ತಕದಲ್ಲಿ ಅತ್ತೆಯ ರೇಟು ಸರ್ಕಾರಿ ದರದ ಹತ್ತಿರ ಇದೆ. ನಿನ್ನದು ಇಲ್ಲ. ಇದನ್ನು ಗುರುತು ಹಾಕಿಕೋ.

ನಿನ್ನ ಪ್ರಶ್ನೆಗೆ ನೇರವಾಗಿ ತಾಗುವುದು 2020ರ ಗ್ರಾಹಕ ಸಂರಕ್ಷಣೆ ಇ-ಕಾಮರ್ಸ್ ನಿಯಮಗಳು. ಅದರ 4ನೇ ನಿಯಮದ 11ನೇ ಉಪನಿಯಮ: ಒಂದೇ ವರ್ಗದ ಗ್ರಾಹಕರ ನಡುವೆ ತಾರತಮ್ಯ ಮಾಡಬಾರದು, ಅವರ ಹಕ್ಕಿಗೆ ಧಕ್ಕೆ ಬರುವ ಹಾಗೆ ಮನಬಂದಂತೆ ವಿಂಗಡಿಸಬಾರದು. ಬರೆದಿದ್ದೇನೋ ಚೆನ್ನಾಗಿದೆ. "ಒಂದೇ ವರ್ಗ" ಅಂದರೆ ಯಾರು ಅನ್ನುವುದರಲ್ಲೇ ಜಗಳ. ಹೊಸ ಗಿರಾಕಿ, ಹಳೇ ಗಿರಾಕಿ ಬೇರೆ ಬೇರೆ ವರ್ಗ ಅಂತ ಕಂಪನಿ ವಕೀಲರು ಹೇಳಿಯೇ ಹೇಳುತ್ತಾರೆ. 2023ರ ನವೆಂಬರ್‌ನಲ್ಲಿ ಬಂದ ಮೋಸದ ವಿನ್ಯಾಸಗಳ ಮಾರ್ಗಸೂಚಿಯಲ್ಲಿ 13 ಬಗೆ ಪಟ್ಟಿ ಮಾಡಿದ್ದಾರೆ. ಕೊನೇ ಗಳಿಗೆಯಲ್ಲಿ ಶುಲ್ಕ ಸೇರಿಸುವುದು ಇದೆ, ಕೇಳದೆ ಕಾರ್ಟಿಗೆ ಹಾಕುವುದು ಇದೆ. ಮುಖ ನೋಡಿ ಬೆಲೆ ಹೇಳುವುದು ಅದರಲ್ಲಿ ಇಲ್ಲ.

ಐಫೋನ್ ವಿಷಯಕ್ಕೆ 2025ರ ಜನವರಿಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಓಲಾ, ಉಬರ್ ಎರಡಕ್ಕೂ ನೋಟಿಸ್ ಕೊಟ್ಟಿತ್ತು. ನಮ್ಮ ಧಾರವಾಡದ ಸಂಸದ, ಕೇಂದ್ರ ಸಚಿವ ಪ್ರಲ್ಹಾದ ಜೋಶಿಯವರೇ ಅದನ್ನು ತಿಳಿಸಿದ್ದು. ಫೋನು ನೋಡಿ ದರ ಹಾಕುವುದಿಲ್ಲ ಅಂತ ಎರಡೂ ಕಂಪನಿ ಹೇಳಿದವು.

ಮಾಡಬೇಕಾದ್ದು ಇಷ್ಟು. 1915ಕ್ಕೆ ಫೋನ್ ಮಾಡು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲಿ ಮಾತಾಡಬಹುದು. ದೂರಿನ ಸಂಖ್ಯೆ ತೆಗೆದುಕೋ. ಜಿಲ್ಲಾ ಆಯೋಗಕ್ಕೆ ಹೋಗುವುದಾದರೆ ನೀನಿರುವ ಊರಲ್ಲೇ ಹಾಕಬಹುದು, 5 ಲಕ್ಷದ ತನಕ ಶುಲ್ಕ ಇಲ್ಲ. ಆದರೆ 307 ರೂಪಾಯಿಗೆ ಯಾರು ಅಲೆಯುತ್ತಾರೆ ಹೇಳು. ಅವರಿಗೂ ಅದು ಗೊತ್ತು.

ನನ್ನ ಕಾಲದಲ್ಲಿ ಬಟ್ಟಿನ ಅಡಿಯಲ್ಲಿ ಸೀಸ ತುಂಬಿ, ಅದರ ಮೇಲೆ ಮುದ್ರೆ ಹೊಡೆಯುತ್ತಿದ್ದೆವು. ಸೀಸ ಕೆರೆದಿದ್ದರೆ ಬೆರಳಿಗೇ ಗೊತ್ತಾಗುತ್ತಿತ್ತು. ಈ ಹೊಸ ತಕ್ಕಡಿಯನ್ನು ಎಲ್ಲಿ ಮುಟ್ಟಿ ನೋಡಬೇಕೋ ತಿಳಿಯುವುದಿಲ್ಲ.

ಕ್ವೀನ್ಸ್‌ನಿಂದ ಮೈಸೂರು

ನ್ಯೂಯಾರ್ಕಿನಿಂದ ಬರೆಯುತ್ತಿದ್ದೇನೆ. ಇಲ್ಲಿ 2025ರ ನವೆಂಬರ್ 10ರಿಂದ ಒಂದು ಕಾನೂನು ಜಾರಿಯಲ್ಲಿದೆ. ನಿಮ್ಮ ಮಾಹಿತಿ ನೋಡಿ ಬೆಲೆ ಹಾಕಿದ್ದರೆ, ಆ ಬೆಲೆಯ ಹತ್ತಿರವೇ ದೊಡ್ಡ ಅಕ್ಷರದಲ್ಲಿ ಒಂದು ವಾಕ್ಯ ಹಾಕಬೇಕು. ಕನ್ನಡದಲ್ಲಿ ಹೇಳುವುದಾದರೆ: "ಈ ಬೆಲೆಯನ್ನು ನಿಮ್ಮ ವೈಯಕ್ತಿಕ ಮಾಹಿತಿ ಬಳಸಿ ಅಲ್ಗಾರಿದಮ್ ನಿಗದಿ ಮಾಡಿದೆ." ಹಾಕದಿದ್ದರೆ ಪ್ರತಿ ತಪ್ಪಿಗೆ 1,000 ಡಾಲರಿನ ತನಕ ದಂಡ. ಅಂಗಡಿಯವರ ಸಂಘ ಕೋರ್ಟಿಗೆ ಹೋಗಿ ತಡೆಯಲು ನೋಡಿತು, ಆಗಲಿಲ್ಲ.

ಮೊದಲ ಸಲ ಆ ವಾಕ್ಯ ನೋಡಿದ್ದು ರಾತ್ರಿ ಹತ್ತಕ್ಕೆ, ಡೈಪರ್ ಆರ್ಡರ್ ಮಾಡುವಾಗ. ಮಗು ಅಳುತ್ತಿದೆ, ಮನೆಯಲ್ಲಿ ಒಂದೇ ಡೈಪರ್ ಉಳಿದಿದೆ, ಪರದೆ ಮೇಲೆ ಈ ವಾಕ್ಯ. ನನಗಾದ ಉಪಯೋಗ? ಎಷ್ಟು ಜಾಸ್ತಿ ಅಂತ ಅದು ಹೇಳುವುದಿಲ್ಲ. ಯಾವ ಮಾಹಿತಿ ಅಂತಲೂ ಹೇಳುವುದಿಲ್ಲ. ಹೆಂಡತಿಯ ಫೋನ್ ತೆಗೆದು ನೋಡಿದೆ, ಅದೇ ಬೆಲೆ, ಅದೇ ವಾಕ್ಯ. ಆರ್ಡರ್ ಮಾಡಿದೆ, ಇನ್ನೇನು ಮಾಡಲಿ.

ಇಲ್ಲಿ ಗ್ರಾಹಕರ ಹಿತ ಕಾಯುವ ಕೇಂದ್ರ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರ ಜುಲೈನಲ್ಲಿ ಎಂಟು ಕಂಪನಿಗಳಿಂದ ವಿವರ ಕೇಳಿ, 2025ರ ಜನವರಿಯಲ್ಲಿ ಮೊದಲ ವರದಿ ಕೊಟ್ಟಿತು. ನಾವಿರುವ ಜಾಗ, ಮೌಸ್ ಓಡಾಡಿದ ರೀತಿ, ಕಾರ್ಟಿನಲ್ಲಿ ಬಿಟ್ಟುಹೋದ ಸಾಮಾನು, ಎಲ್ಲವನ್ನೂ ಬಳಸುವುದಕ್ಕೆ ಸಾಧ್ಯ ಅಂತ ಅದರಲ್ಲಿತ್ತು. ಹೊಸದಾಗಿ ತಂದೆತಾಯಿ ಆದವರು ಅಂತ ಗೊತ್ತಾದರೆ ದುಬಾರಿ ಮಕ್ಕಳ ಥರ್ಮಾಮೀಟರನ್ನೇ ಮೊದಲು ತೋರಿಸಬಹುದು ಅಂತ ಉದಾಹರಣೆ ಕೊಟ್ಟಿದ್ದರು. ಅದನ್ನು ಓದುವಾಗ ನಗು ಬಂದಿತ್ತು. ಡೈಪರ್ ಆರ್ಡರ್ ಮಾಡಿದ ಆ ರಾತ್ರಿ ನಗು ಬರಲಿಲ್ಲ.

ಅತ್ತೆಯವರು ಹೇಗಿದ್ದಾರೆ?

ಲೆಕ್ಕದ ಪುಸ್ತಕ

ಎಲ್ಲರಿಗೂ ಧನ್ಯವಾದ. ಐದು ವಾರ ಆದಮೇಲೆ ಬರೆಯುತ್ತಿದ್ದೇನೆ. ಕೋಡ್ ಅವರು ಹೇಳಿದ ಹಾಗೇ ಮಾಡಿದೆ. ಅತ್ತೆ "ಒಂದು, ಎರಡು, ಮೂರು" ಅನ್ನುತ್ತಾರೆ, ಮೂರಕ್ಕೆ ಇಬ್ಬರೂ ಒತ್ತುತ್ತೇವೆ. ಪಕ್ಕದ ಬೆಡ್ಡಿನ ಮೇಷ್ಟ್ರು ಗೇಟಿನ ಹತ್ತಿರ ನಿಂತು ಅಂಪೈರ್ ಥರ ನೋಡುತ್ತಾರೆ.

ವಿವರ ತೆಗೆದು ನೋಡಿದರೆ ಹೆಚ್ಚಿನ ದಿನ ಮೂಲ ದರ ಎರಡು ಫೋನಿನಲ್ಲೂ ಒಂದೇ. ಅತ್ತೆಯದರಲ್ಲಿ ಅದರ ಕೆಳಗೆ ಹಸಿರು ಅಕ್ಷರದಲ್ಲಿ ರಿಯಾಯಿತಿ 40, 45. ನನ್ನದರಲ್ಲಿ ಆ ಸಾಲೇ ಇಲ್ಲ. ಹಾಗಾಗಿ ಕೋಡ್ ಅವರ ಊಹೆ ಸರಿ. ಆದರೆ ಎರಡು ದಿನ ಮೂಲ ದರವೇ ಬೇರೆ ಇತ್ತು, ಒಂದು ದಿನ 11, ಇನ್ನೊಂದು ದಿನ 14 ರೂಪಾಯಿ, ಎರಡೂ ಸಲ ನನಗೇ ಜಾಸ್ತಿ. ಪಿನ್ ಸರಿಯಾಗಿತ್ತು, ಮೇಷ್ಟ್ರೇ ಸಾಕ್ಷಿ. ಅದು ತಾಳೆ ಆಗಿಲ್ಲ. ಪುಸ್ತಕದಲ್ಲಿ ಕೆಂಪು ಗೆರೆ ಹಾಕಿ ಬಿಟ್ಟಿದ್ದೇನೆ.

ಆಮೇಲೆ ಬುಕಿಂಗ್ ಎಲ್ಲಾ ಅತ್ತೆಯ ಫೋನಿಗೆ ಬದಲಾಯಿಸಿದೆ. ಎರಡು ವಾರ 40 ಬಂತು. ಮೂರನೇ ವಾರ 20. ಆ ವಾರದ ಶುಕ್ರವಾರದಿಂದ ಹಸಿರು ಸಾಲು ಮಾಯ! ಅತ್ತೆ ಖಾಯಂ ಗಿರಾಕಿ ಆಗಿಬಿಟ್ಟರು. ಅದರ ಮುಂದಿನ ಮಂಗಳವಾರ ನನ್ನ ಫೋನಿಗೆ ಮೆಸೇಜು: ನಿಮ್ಮನ್ನು ನೋಡಿ ಬಹಳ ದಿನ ಆಯಿತು, ಮುಂದಿನ ಐದು ಪ್ರಯಾಣಕ್ಕೆ ಶೇ 25 ರಿಯಾಯಿತಿ. ಎರಡು ವರ್ಷ ವಾರಕ್ಕೆ ಮೂರು ಸಲ ದುಡ್ಡು ಕೊಟ್ಟಾಗ ನೆನಪಾಗದ ನಾನು, ಮೂರು ವಾರ ಕಾಣದಿದ್ದಕ್ಕೆ ನೆನಪಾದೆ.

1915ಕ್ಕೂ ಮಾಡಿದೆ ಸರ್. ಕನ್ನಡದಲ್ಲೇ ಮಾತಾಡಿದರು, ದೂರಿನ ಸಂಖ್ಯೆ ಕೊಟ್ಟರು. ಎರಡು ಪ್ರಯಾಣದ ಬಿಲ್ಲು, ಸ್ಕ್ರೀನ್‌ಶಾಟು ಕಳಿಸಿದ್ದೇನೆ. ಕಂಪನಿಯಿಂದ ಉತ್ತರ ಬಂದಿದೆ, ದರ ಹಲವು ಅಂಶಗಳ ಮೇಲೆ ನಿಂತಿರುತ್ತದೆ ಅಂತ. ಯಾವ ಅಂಶ ಅಂತ ಮತ್ತೆ ಬರೆದು ಕೇಳಿದ್ದೇನೆ.

ಕ್ವೀನ್ಸ್ ಅವರೇ, ಅತ್ತೆ ಪರವಾಗಿಲ್ಲ. ಹಿಮೋಗ್ಲೋಬಿನ್ ಸ್ವಲ್ಪ ಏರಿದೆ. ಜವಳಿ ಸಾಲಿನವರ ಸೀರೆ ಕಥೆ ಓದಿ ಹೇಳಿದೆ, ಆ ಕಿರಿಯ ನೆಗೆಣ್ಣಿ ತುಂಬಾ ಹಿಡಿಸಿದಳು ಅವರಿಗೆ. ಈಗ ಗೇಟಿಗೆ ಬಂದ ತಕ್ಷಣ ಬೆಂಚಿನ ಮೇಲೆ ಕೂತು, ಬ್ಯಾಂಡೇಜ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಫೋನು ತೆಗೆಯುತ್ತಾರೆ. "ಇವತ್ತು ಯಾರು ಅಗ್ಗ ಕಣೇ, ನಾನೋ ನೀನೋ?"